ಕಲ್ಯಾಣದುರ್ಗದ ತಾಂಬೂಲ

ಹಿಂದೂಪುರದ ನಮ್ಮ ಆಫೀಸಿಗೆ ಯಾರೇ ಬರ್ಲಿ, ಮೊದ್ಲು ಕಣ್ಣಿಗೆ ಬೀಳೋದು ಆ ಫೋಟೋ. ಬಾಗಿಲ ಎದುರಿಗೇ ಗಾಜು ಕಟ್ಟಿಸಿ ಹಾಕವ್ರೆ. ಅದ್ರಲ್ಲಿ ಒಬ್ಬ ಹೆಂಗ್ಸು ಹಿತ್ತಾಳೆ ತಟ್ಟೆ ಹಿಡ್ಕೊಂಡು ನಗ್ತಾವ್ಳೆ. ತಟ್ಟೇಲಿ ವೀಳ್ಯದೆಲೆ, ಅಡಿಕೆ, ಎರಡು ಬಾಳೆಹಣ್ಣು, ಹಸ್ರು ರವಿಕೆ ಕಣ. ಪಕ್ಕದಲ್ಲಿ ತಟ್ಟೆ ಕೊಟ್ಟೋಳು, ಕೈ ತುಂಬ ಚಿನ್ನದ ಬಳೆ, ಅವಳೂ ನಗ್ತಾವ್ಳೆ. ಬಲಗಡೆ ಅಂಚಲ್ಲಿ ಯಾರದೋ ಒಂದು ಮೊಳಕೈ ಕಾಣ್ತದೆ. ಕೆಳಗೆ ಇಂಗ್ಲಿಷಲ್ಲೂ ತೆಲುಗಲ್ಲೂ ಬರ್ದವ್ರೆ, ಸೌಹಾರ್ದದ ಗೆಲುವು ಅಂತ. ಆ ಮೊಳಕೈ ನಂದು.

ಗೆಲುವಂತೆ! ಥೂ. ದಿನಾ ಬೆಳಗ್ಗೆ ಆಫೀಸಿನ ಬೀಗ ತೆಗ್ಯೋಳು ನಾನೇ. ಆ ಫೋಟೋಗೆ ಬೆನ್ನು ಹಾಕ್ಕೊಂಡೇ ಕಸ ಹೊಡೀತೀನಿ, ಬೆನ್ನು ಹಾಕ್ಕೊಂಡೇ ಕಂಪ್ಯೂಟರು ಆನ್ ಮಾಡ್ತೀನಿ. ತೆಗ್ಸಿ ಅಂತ ಎಷ್ಟು ಸಲ ಬಾಯಿ ಬಡ್ಕೊಂಡ್ರೂ ನಮ್ಮ ಡೈರೆಕ್ಟರ ಕಿವಿಗೆ ಹೋಗಲ್ಲ. ಅದ್ಕೇ ಇದನ್ನ ಬರೀತಾ ಇದೀನಿ.

ನಮ್ಮದು ಪುಕ್ಕಟೆ ವಕೀಲಿ ಮಾಡೋ ಸಂಸ್ಥೆ. ಮತದ ಕಾರಣಕ್ಕೆ ಬಾಡಿಗೆ ಮನೆ ಸಿಗದೋರು, ಜಾತಿ ಕಾರಣಕ್ಕೆ ಏಟು ತಿಂದೋರು, ಒರಿಸ್ಸಾ ಬಂಗಾಳದ ಕಡೆಯಿಂದ ದುಡಿಯೋಕೆ ಬಂದು 'ನೀನ್ಯಾವ ದೇಶದೋನಯ್ಯಾ' ಅನ್ನಿಸ್ಕೊಂಡೋರು, ಇಂಥೋರ ಪರವಾಗಿ ಕೋರ್ಟಿಗೆ ಹೋಗೋದು ನಮ್ಮ ಕೆಲ್ಸ. ಕೆಲ್ಸ ಒಳ್ಳೇದೇ, ಅದ್ರಲ್ಲಿ ಎರಡು ಮಾತಿಲ್ಲ. ಮಾಡೋ ನಾವು ಎಂಥೋರು ಅನ್ನೋದನ್ನ ಮಾತ್ರ ಯಾರೂ ಕೇಳಲ್ಲ. ಡೈರೆಕ್ಟರು ದೊಡ್ಡ ಊರಿಂದ ತಿಂಗಳಿಗೆ ಎರಡು ಸಲ ಬತ್ತಾರೆ. ಇಸ್ತ್ರಿ ಮಾಡಿದ ಖಾದಿ ಜುಬ್ಬ, ಹೆಗಲಿಗೆ ಜೋಳಿಗೆ, ಬಾಯಿ ತೆಗೆದ್ರೆ 'ಘನತೆ'. ಆ ಪದ ಹೇಳೋವಾಗ ಕಣ್ಣು ಅರ್ಧ ಮುಚ್ಕೊತಾರೆ, ಬಿಸಿ ಕಾಫಿಯ ಮೊದಲ ಗುಟುಕು ಕುಡಿದೋರ ಹಂಗೆ. ವಕೀಲಮ್ಮ ಕಲ್ಯಾಣದುರ್ಗದ ಹುಡುಗಿ. ಚುರುಕು, ಓದ್ಕೊಂಡವ್ಳೆ, ಆದ್ರೆ ಫೋನು ಕೈಯಿಂದ ಕೆಳಗಿಳಿಯಲ್ಲ. ಮೂರನೇಯೋಳು ನಾನು.

ನಾನು ನೇಯ್ಗೆಯೋರ ಮನೆಯೋಳು. ಸೋಮಂದೇಪಲ್ಲೀಲಿ ಹುಟ್ಟಿ, ಮಗ್ಗದ ಗುಂಡಿ ಪಕ್ಕದಲ್ಲೇ ತೊಟ್ಟಿಲಾಡಿ ಬೆಳೆದೋಳು. ಮನೇಲಿ ಕನ್ನಡ, ಬೀದೀಲಿ ತೆಲುಗು, ಗಂಡನ ಜೊತೆ ನೂಲಿನ ಅಂಗಡಿ ಇಟ್ಟಾಗ ವ್ಯಾಪಾರಕ್ಕೆ ಬರೋರ ಹತ್ರ ಕಲಿತ ಹಿಂದಿ. ಅಂಗಡಿ ಮುಚ್ಚೋಯ್ತು, ನಾಲಿಗೆ ಉಳ್ಕೊಳ್ತು. ಆ ನಾಲಿಗೆಗೇ ಈ ಕೆಲ್ಸ ಸಿಕ್ಕಿದ್ದು. ಬಂದೋರು ಹೇಳಿದ್ದನ್ನ ವಕೀಲಮ್ಮನಿಗೆ ಹೇಳ್ಬೇಕು, ವಕೀಲಮ್ಮ ಹೇಳಿದ್ದನ್ನ ಬಂದೋರಿಗೆ ಹೇಳ್ಬೇಕು. ಮಧ್ಯದಲ್ಲಿ ನನ್ನ ಮಾತು ಸೇರಿಸಬಾರದು, ಅವ್ರ ಮಾತು ಬಿಡಬಾರದು. ಕೆಲಸಕ್ಕೆ ಸೇರಿದ ದಿನ ಡೈರೆಕ್ಟರು ಇಷ್ಟನ್ನ ಒಂದು ಗಂಟೆ ಹೇಳಿದ್ರು. ಇಷ್ಟಕ್ಕೆ ಒಂದು ಗಂಟೆ ಯಾಕಪ್ಪ ಬೇಕು ಅಂತ ನಾನು ಒಳಗೊಳಗೇ ನಕ್ಕಿದ್ದೆ.

ಫೋಟೋದಲ್ಲಿರೋ ಹೆಂಗ್ಸು ಬಂಗಾಳದ ಕಡೆಯೋಳು, ಮುಸಲ್ಮಾನರೋಳು. ಗಂಡ ಮನೆಗಳಿಗೆ ನೆಲದ ಕಲ್ಲು ಹಾಸೋ ಮೇಸ್ತ್ರಿ. ಹತ್ತು ವರ್ಷದಿಂದ ಕಲ್ಯಾಣದುರ್ಗದಲ್ಲೇ ಇದ್ರು, ಒಂದು ಬೀದೀಲಿ ಸಾಲು ರೂಮುಗಳವೆ, ಅದ್ರಲ್ಲೊಂದು ರೂಮಲ್ಲಿ. ಆ ಬೀದಿಯ ಅರ್ಧ ಮನೆಗಳ ನೆಲ ಹಾಸಿದೋನು ಅವನೇ. ರೂಮಿನ ಒಡೆಯ ಊರಿನ ದೊಡ್ಡ ಸಾಹುಕಾರ, ವಿಭೂತಿ ಇಲ್ಲದೆ ಹೊಸಿಲು ದಾಟದ ಮನುಷ್ಯ, ಕಡಲೆಕಾಯಿ ಮಿಲ್ಲು ಇಟ್ಟವ್ನೆ. ಅವನ ಮನೆಯ ದೇವರ ಕೋಣೆಗೆ ಬಿಳಿ ಕಲ್ಲು ಹಾಸಿದ್ದೂ ಈ ಮೇಸ್ತ್ರಿಯೇ. ಮಂಡಿಯೂರಿ, ಉಸಿರು ಬಿಗಿಹಿಡಿದು, ಒಂದು ಕೂದಲಷ್ಟು ಸಂದು ಇಲ್ಲದಂಗೆ ಕೂರಿಸಿದ್ನಂತೆ. ಹೆಂಡ್ತಿ ಮನೇಲೇ ಕೂತು ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ತಿದ್ಲು, ತೆಲುಗು ಅವಳಿಗೆ ಅಂಗಡಿ ಲೆಕ್ಕಕ್ಕಷ್ಟೇ ಬತ್ತಿತ್ತು. ಒಬ್ಬಳೇ ಮಗಳು, ಹತ್ತನೇ ಕ್ಲಾಸು. ಸ್ಕೂಲು ಅದೇ ಬೀದಿಯ ಕೊನೇಲಿ.

ಆಮೇಲೆ ಒಂದು ದಿನ ಯಾರದೋ ಫೋನಿಗೆ ಒಂದು ವಿಡಿಯೋ ಬಂತು. ಎಲ್ಲಿಯದೋ ಏನೋ, ಹೊರದೇಶದೋರು ಬಂದು ಊರೂರು ಸೇರ್ಕೊಂಡವ್ರೆ ಅಂತ. ಅದು ಬೀದಿಯ ಎಲ್ಲ ಫೋನುಗಳಿಗೂ ಹೋಯ್ತು. ಹತ್ತು ವರ್ಷ 'ಏಮಯ್ಯಾ ಮೇಸ್ತ್ರೀ' ಅಂತ ಕರೆದು ಟೀ ಕುಡಿಸಿದ ಜನವೇ 'ಇವನೂ ಅವ್ರಲ್ಲೊಬ್ಬ ಇರ್ಬೇಕು' ಅಂದ್ಬುಟ್ರು. ಹೆಂಡ್ತಿ ಮಗಳ ಸ್ಕೂಲಿಗೆ ಮೇಷ್ಟ್ರನ್ನ ನೋಡೋಕೆ ಹೋಗಿದ್ದಾಗ ಸಾಹುಕಾರನ ಕಡೆಯೋರು ಬಂದು ರೂಮಿಗೆ ಬೇರೆ ಬೀಗ ಜಡಿದ್ರು. ಪಾತ್ರೆ, ಬಟ್ಟೆ, ಮಗಳ ಪುಸ್ತಕ, ಕುಚ್ಚು ಕಟ್ಟೋಕೆ ಬಂದಿದ್ದ ಮೂರು ಜನರ ಸೀರೆ, ಎಲ್ಲಾ ಒಳಗೇ. ಬೀಗ ಹಾಕಿದ್ದನ್ನ ಕಣ್ಣಾರೆ ನೋಡಿದೋಳು ಪಕ್ಕದ ರೂಮಿನ ಇಡ್ಲಿ ಅಜ್ಜಿ, ಬ್ರಹ್ಮಸಮುದ್ರದ ಕಡೆಯೋಳು.

ಇವ್ರ ಕಾಗದಗಳು ಸರಿಯಾಗೇ ಇದ್ವು. ಅದನ್ನ ಯಾರೂ ಕೇಳಲಿಲ್ಲ. ಅನುಮಾನ ಇದ್ದೋನು ಕಾಗದ ತೋರ್ಸು ಅಂತಾನೆ, ಇವ್ರಿಗೆ ಬೇಕಾಗಿದ್ದು ರೂಮು ಖಾಲಿ ಆಗೋದು. ಕುಚ್ಚು ಕಟ್ಟಿಸ್ತಿದ್ದ ಯಾರೋ ಪುಣ್ಯಾತ್ಗಿತ್ತಿ ನಮ್ಮ ನಂಬರು ಕೊಟ್ಟಳಂತೆ. ಹಂಗೆ ಆಕೆ ಪಾವಗಡದ ಮೇಲೆ ಎರಡು ಬಸ್ಸು ಬದಲಾಯಿಸಿ ಹಿಂದೂಪುರಕ್ಕೆ ಬಂದ್ಲು. ಮಗಳೂ ಜೊತೇಲಿದ್ಲು, ಸ್ಕೂಲು ಯೂನಿಫಾರಂನಲ್ಲೇ. ಬೇರೆ ಬಟ್ಟೆ ಬೀಗದೊಳಗಿತ್ತು.

ಆಕೆ ಕೇಳಿದ್ದು ಒಂದೇ. "ಮಗಳ ಪರೀಕ್ಷೆ ಮುಗಿಯೋ ತನಕ ಆ ರೂಮು ಬೇಕು ಅಕ್ಕ. ಆಮೇಲೆ ಎಲ್ಲಿಗಾದ್ರೂ ಹೋಗ್ತೀವಿ. ನಮ್ಮ ವಂಶದಲ್ಲಿ ಹತ್ತನೇ ಕ್ಲಾಸು ಮುಟ್ಟಿದೋಳು ಇವಳೇ." ಅದನ್ನ ಹಿಂದೀಲಿ ಹೇಳಿದ್ಲು, ನಾನು ವಕೀಲಮ್ಮನಿಗೆ ತೆಲುಗಲ್ಲಿ ಹೇಳಿದೆ. ಒಂದಕ್ಷರ ಬಿಡಲಿಲ್ಲ.

ಆವತ್ತೇ ನಮ್ಮ ಒಪ್ಪಿಗೆ ಪತ್ರ ಓದಿ ಹೇಳಿದ್ದು. ಅದೊಂದು ದೊಡ್ಡ ನಾಟಕ. ನಾಲ್ಕು ಹಾಳೆ. ನಿಮ್ಮ ಕತೆಯನ್ನ ನಾವು ಬರೆಯಬಹುದಾ, ನಿಮ್ಮ ಮುಖದ ಫೋಟೋ ಹಾಕಬಹುದಾ, ಬೇಡ ಅಂದ್ರೂ ನಿಮ್ಮ ಕೇಸು ನಡೆಸ್ತೀವಿ, ಯಾವಾಗ ಬೇಕಾದ್ರೂ ಒಪ್ಪಿಗೆ ವಾಪಸ್ ತಗೋಬಹುದು. ಪ್ರತಿ ಸಾಲೂ ಆಕೆಗೆ ತಿಳಿಯೋ ಹಿಂದೀಲಿ ಹೇಳಿ, ಅರ್ಥ ಆಯ್ತಾ ಅಂತ ಕೇಳಿ, ಆಯ್ತು ಅಂದ ಮೇಲೆ ಮುಂದಿನ ಸಾಲು. ಮುಕ್ಕಾಲು ಗಂಟೆ ಹಿಡೀತು. ಆಕೆಗೆ ನಿದ್ದೆ ಬಂದಿತ್ತು, ಪಾಪ. ಕೊನೆಗೆ ಸೈನ್ ಹಾಕಿದ್ಲು. ನೋಡ್ರಪ್ಪ, ಕೇಳದೆ ಒಬ್ಬರ ಫೋಟೋ ಕೂಡ ತೆಗ್ಯಲ್ಲ ನಾವು, ಅಷ್ಟು ಸಂಭಾವಿತರು!

ವಕೀಲಮ್ಮ ಕೆಲ್ಸ ಮಾತ್ರ ಚೆನ್ನಾಗೇ ಮಾಡಿದ್ಲು, ಅದನ್ನ ಒಪ್ಪಲೇಬೇಕು. ಕಲ್ಯಾಣದುರ್ಗದ ಕೋರ್ಟಲ್ಲಿ ಆಕೆಯ ಹೆಸರಲ್ಲಿ ದಾವೆ ಹಾಕಿ, ಬೀಗ ತೆಗೀಬೇಕು, ದಾವೆ ಮುಗಿಯೋ ತನಕ ರೂಮು ಬಿಡಿಸಬಾರದು ಅಂತ ತಾತ್ಕಾಲಿಕ ಆದೇಶ ತಂದ್ಲು. ಬೀಗ ತೆಗೆದ್ರು. ಆಕೆ ಒಳಗೆ ಹೋದ್ಲು. ಹುಡುಗಿ ಮಾರನೇ ದಿನವೇ ಸ್ಕೂಲಿಗೆ ಹೋದ್ಲು. ಇಡ್ಲಿ ಅಜ್ಜಿ ಸಾಕ್ಷಿ ಹೇಳ್ತೀನಿ ಅಂದ್ಲು. "ನಾನು ಯಾರಿಗೆ ಎದ್ರಲಿ ಕಣಮ್ಮ? ಕಂಡಿದ್ದು ಕಂಡಂಗೆ ಹೇಳ್ತೀನಿ" ಅಂತ ಎದೆ ತಟ್ಟಿಕೊಂಡ್ಲು. ಅಲ್ಲಿಗೆ ಬಿಟ್ಟಿದ್ರೆ ಆಗಿತ್ತು. ದಾವೆ ಎಳ್ಕೊಂಡು ಪರೀಕ್ಷೆ ದಾಟ್ಕೊಂಡು ಹೋಯ್ತಿತ್ತು, ಆಕೆಗೆ ಬೇಕಾಗಿದ್ದೂ ಅಷ್ಟೇ.

ಆದ್ರೆ ಸಾಹುಕಾರ ಹೇಳಿ ಕಳಿಸಿದ. ಕೋರ್ಟು ಗೀರ್ಟು ಯಾಕೆ, ಮನೇಗೆ ಬನ್ನಿ, ಕೂತು ಮಾತಾಡೋಣ, ನಾವೇನು ರಾಕ್ಷಸರಾ ಅಂತ. ಡೈರೆಕ್ಟರಿಗೆ ಕಿವಿಗೆ ಜೇನು ಬಿಟ್ಟಂಗಾಯ್ತು. ಆ ವರ್ಷ ಅವ್ರಿಗೆ 'ಸಮುದಾಯ ಸಂವಾದ' ಅನ್ನೋ ಹುಚ್ಚು. ಎಲ್ಲಿ ಹೋದ್ರೂ ಸಂವಾದ. ಕೋರ್ಟು ಗೆಲ್ಲಿಸ್ತದೆ, ಸಂವಾದ ಹೃದಯ ಗೆಲ್ಲಿಸ್ತದೆ ಅಂತ ಫೋನಲ್ಲೇ ನನಗೆ ಭಾಷಣ ಬಿಗಿದ್ರು. ವಕೀಲಮ್ಮನಿಗೆ ಮನಸ್ಸಿರಲಿಲ್ಲ. ಆದ್ರೂ 'ಸರಿ ಸಾರ್' ಅಂದ್ಲು. ನಾನೂ ಸರಿ ಅಂದೆ. ಕ್ಯಾಮೆರಾದೋನನ್ನೂ ಕಳ್ಸಿಕೊಟ್ರು.

ಕಾರ್ತೀಕ ಮಾಸದ ಒಂದು ಸೋಮವಾರ ಮಧ್ಯಾಹ್ನ ಹೋದ್ವಿ. ಮೇಸ್ತ್ರಿ ರಾಯದುರ್ಗದಲ್ಲಿ ಕೆಲಸಕ್ಕೆ ಹೋಗಿದ್ದ. ದಾವೆ ಆಕೆಯ ಹೆಸರಲ್ಲಿ ಇದ್ದಿದ್ರಿಂದ ಆಕೆ ಬಂದ್ರೆ ಸಾಕು ಅಂದಿದ್ರು. ಜಗಲಿ ಮೇಲೆ ಬೀದಿಯ ಏಳೆಂಟು ಹಿರಿಯರು, ಹುಡುಗಿಯ ಸ್ಕೂಲಿನ ಹೆಡ್ಮಾಸ್ತರು, ಇಡ್ಲಿ ಅಜ್ಜಿ, ಎಲ್ಲ ಕೂತಿದ್ರು. ಸಾಹುಕಾರನ ಹೆಂಡ್ತಿ ಬಾಗಿಲಿಗೇ ಬಂದು ನನ್ನ ಕೈ ಹಿಡ್ಕೊಂಡ್ಲು. "ಬನ್ನಿ ಅಮ್ಮಾ, ಒಳಗಡೆ ಬನ್ನಿ. ಅಷ್ಟು ದೂರದಿಂದ ಬಂದಿದೀರ, ಬಿಸಿಲು ಬೇರೆ" ಅಂತ ಕನ್ನಡದಲ್ಲೇ ಮಾತಾಡ್ಸಿ, ನಡುಮನೆ ಸೋಫಾ ಮೇಲೆ ಕೂರಿಸಿ, ಬೆಳ್ಳಿ ಲೋಟದಲ್ಲಿ ಮಜ್ಜಿಗೆ ಕೊಟ್ಲು.

ಇಲ್ಲಿ ನಾನೊಂದು ಮಾತು ಹೇಳ್ಲೇಬೇಕು, ನಾಚಿಕೆ ಆದ್ರೂ. ನಮ್ಮಮ್ಮ ಇಂಥದ್ದೇ ಮನೆಗಳಿಗೆ ನೇಯ್ದ ಸೀರೆ ತಗೊಂಡು ಹೋಗೋಳು. ನಾನು ಸಣ್ಣೋಳು, ಸೆರಗು ಹಿಡ್ಕೊಂಡು ಹೋಯ್ತಿದ್ದೆ. ಮೆಟ್ಟಿಲು ಹತ್ತಿದ್ದೇ ಇಲ್ಲ ನಾವು. ಕೆಳಗೇ ನಿಂತು ಸೀರೆ ಬಿಚ್ಚಿ ತೋರಿಸ್ಬೇಕು, ಮೇಲಿಂದ ನೋಡಿ 'ಅಂಚು ಸರಿಯಿಲ್ಲ' ಅನ್ನೋರು. ಈಗ ಅದೇ ಥರದ ಮನೇಲಿ ಸೋಫಾ, ಬೆಳ್ಳಿ ಲೋಟ, ಅಮ್ಮಾ ಅನ್ನೋ ಮಾತು. ನನ್ನ ಬೆನ್ನು ತಾನೇ ನೆಟ್ಟಗಾಯ್ತು. ಇಡೀ ಜಗತ್ತನ್ನ ಬೈಕೊಂಡು ಓಡಾಡೋ ನಾನು ಒಂದು ಲೋಟ ಮಜ್ಜಿಗೆಗೆ ಕರಗೋದೆ. ಎಂಥ ಅಗ್ಗದೋಳಪ್ಪ ನಾನು!

ನಮ್ಮ ಕಡೆ ಒಂದು ಪದ್ಧತಿ ಐತೆ. ಮದುವೆ ಮಾತಾಗ್ಲಿ, ಹೊಲದ ಬದುವಿನ ಜಗಳವಾಗ್ಲಿ, ಹಿರಿಯರು ಕೂತು ಮಾತು ಮುಗಿಸಿದ ಮೇಲೆ ತಾಂಬೂಲ ಕೊಡ್ತಾರೆ. ತಗೊಂಡ್ರೆ ಹೇಳಿದ್ದಕ್ಕೆ ಒಪ್ಪಿದಂಗೆ. ಒಪ್ಪದೋರು ಕೈ ಚಾಚಲ್ಲ, ಎದ್ದು ಹೋಯ್ತಾರೆ. ಕಾಗದ ಇಲ್ಲ, ರುಜು ಇಲ್ಲ. ಆದ್ರೆ ತಗೊಂಡ ಮೇಲೆ ಮಾತು ತಪ್ಪಿದೋರ ಮನೇಗೆ ಯಾರೂ ಹೆಣ್ಣು ಕೊಡಲ್ಲ, ಅವ್ರ ಪರವಾಗಿ ಯಾರೂ ಬಾಯಿ ಬಿಡಲ್ಲ. ಇದನ್ನ ಯಾರೂ ನಮಗೆ ಕಲಿಸಿಲ್ಲ. ಇಲ್ಲಿ ಹುಟ್ಟಿದೋರಿಗೆ ಹಾಲು ಹಲ್ಲು ಬೀಳೋ ಹೊತ್ತಿಗೆ ಗೊತ್ತಿರ್ತದೆ.

ಜಗಲಿಯೋರೂ ಒಳಗೆ ಬಂದು ಕೂತ ಮೇಲೆ ಸಾಹುಕಾರ ತೆಲುಗಲ್ಲಿ ಶುರು ಮಾಡಿದ. ಏನು ಕಂಠ, ಏನು ನಯ! "ಮನಮಂದರಂ ಒಕಟೇ ಕದಮ್ಮಾ" ಅಂದ, ನಾವೆಲ್ಲ ಒಂದೇ ಅಲ್ವಾ ಅಂತ. ದುಡಿಯೋಕೆ ಬಂದೋರು ನಮ್ಮ ಅತಿಥಿಗಳು ಅಂದ. ಬೀಗ ಹಾಕಿದ್ದು ಹುಡುಗ್ರ ದುಡುಕು, ತಪ್ಪಾಯ್ತು ಅಂದ. ಇಷ್ಟನ್ನ ನಾನು ಹಿಂದೀಲಿ ಆಕೆಗೆ ಹೇಳಿದೆ. ಆಕೆಯ ಮುಖ ಅರಳ್ತು. ಕಣ್ಣಲ್ಲಿ ನೀರೂ ಬಂತು. ಆಮೇಲೆ ಅವನು ದನಿ ತಗ್ಗಿಸಿ, ಹಿರಿಯರ ಕಡೆ ತಿರುಗಿ, ಲೆಕ್ಕಕ್ಕಿಲ್ಲದ ಮಾತಿನಂಗೆ ಇನ್ನೆರಡು ಸಾಲು ಸೇರಿಸಿದ. ಸಂಕ್ರಾಂತಿ ಒಳಗೆ ಅವ್ರು ಬೈಪಾಸ್ ಆಚೆ ಎಲ್ಲಾದ್ರೂ ಬೇರೆ ಮನೆ ನೋಡ್ಕೊತಾರೆ, ದಾವೆ ವಾಪಸ್ ತಗೊತಾರೆ, ಎಲ್ರಿಗೂ ಸಮ್ಮತ ತಾನೇ ಅಂತ. ಹಿರಿಯರು ತಲೆ ಆಡಿಸಿದ್ರು.

ಆ ಎರಡು ಸಾಲು ನನಗೆ ಕೇಳಿಸ್ತು. ಕೇಳಿಸಲಿಲ್ಲ ಅಂತ ಸುಳ್ಳು ಹೇಳಲಾರೆ. ವಕೀಲಮ್ಮ ಈಗ ಬಾಯಿ ಬಿಡ್ತಾಳೆ ಅಂತ ಅವಳ ಕಡೆ ನೋಡ್ದೆ. ಅವಳು ತಲೆ ತಗ್ಗಿಸಿ ಫೋನು ಒತ್ತುತಾ ಇದ್ಲು. ಅಷ್ಟರಲ್ಲಿ ಸಾಹುಕಾರನ ಹೆಂಡ್ತಿ ತಟ್ಟೆ ಹಿಡ್ಕೊಂಡು ಬಂದೇಬಿಟ್ಲು. ಮೊದ್ಲು ನನ್ನ ಮುಂದೆ ನಿಂತ್ಲು. "ಹಿರಿಯೋರು ನೀವು, ಮೊದ್ಲು ನೀವು ತಗೊಳ್ಳಿ" ಅಂದ್ಲು. ನನಗೆ ಅರಿಶಿನ ಕುಂಕುಮ ಕೊಟ್ಲು. ನಾನು ಸೆರಗು ಒಡ್ಡಿದೆ. ಒಡ್ಡಿದೆ ರೀ! ಕೈ ನಡುಗಲಿಲ್ಲ, ನಾಲಿಗೆ ತೊದಲಲಿಲ್ಲ, ಹಲ್ಲು ಕಿಸ್ಕೊಂಡು ಒಡ್ಡಿದೆ. ಆಮೇಲೆ ವಕೀಲಮ್ಮ ತಗೊಂಡ್ಲು. ಆಮೇಲೆ ತಟ್ಟೆ ಆಕೆಯ ಮುಂದೆ ಬಂತು. ಕುಂಕುಮದ ಬಟ್ಟಲು ಮಾತ್ರ ಹಿಂದಕ್ಕೆ ಸರೀತು.

ಆಕೆ ನನ್ನ ಮುಖ ನೋಡಿದ್ಲು. "ಇದೇನು ಅಕ್ಕ? ಇದ್ಕೆ ನಾನೇನಾದ್ರೂ ಮಾಡ್ಬೇಕಾ?" ಅಂತ ಹಿಂದೀಲಿ ಮೆಲ್ಲಗೆ ಕೇಳಿದ್ಲು.

"ಏನೂ ಇಲ್ಲ, ಮರ್ಯಾದೆ ಅಷ್ಟೇ. ತಗೋ" ಅಂದೆ.

ಆಕೆ ತಟ್ಟೇನೇ ಎರಡೂ ಕೈಲಿ ಹಿಡ್ಕೊಂಡ್ಲು. ಕ್ಯಾಮೆರಾ ಫಳಕ್ ಅಂತು. ಅವ್ರ ಊರಲ್ಲಿ ಮನೇಗೆ ಬಂದೋರಿಗೆಲ್ಲ ಎಲೆ ಅಡಿಕೆ ಕೊಡ್ತಾರಂತೆ, ಬೇಡ ಅಂದ್ರೆ ಕೊಟ್ಟೋರಿಗೆ ಅವಮಾನವಂತೆ. ಕೊಟ್ಟಿದ್ದನ್ನ ಅಲ್ಲೇ ಮೆಲ್ಲೋದೂ ವಾಡಿಕೆಯಂತೆ. ನಮ್ಮಲ್ಲಿ ಯಾರೂ ಹಂಗೆ ಮಾಡಲ್ಲ, ತಾಂಬೂಲ ಸೆರಗಲ್ಲಿ ಮನೇಗೆ ಹೋಯ್ತದೆ. ಆಕೆ ಸುಣ್ಣ ಕೇಳಿ ಇಸ್ಕೊಂಡು, ಎಲೆಗೆ ಸವರಿ, ಅಡಿಕೆ ಇಟ್ಟು ಮಡಿಚಿ, ಎಲ್ರ ಎದುರಿಗೂ ಬಾಯಿಗೆ ಹಾಕ್ಕೊಂಡ್ಲು. ಚೆನ್ನಾಗೈತೆ ಅಂತ ಸಾಹುಕಾರನ ಹೆಂಡ್ತಿಗೆ ಕೈ ಸನ್ನೆ ಮಾಡಿದ್ಲು. ಹಿರಿಯರು ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಕ್ರು. ಇಷ್ಟು ಸಲೀಸಾಗಿ ಮುಗಿದೀತು ಅಂತ ಅವ್ರೂ ಅಂದ್ಕೊಂಡಿರಲಿಲ್ಲ.

ವಾಪಸ್ ಬರೋ ಬಸ್ಸಲ್ಲಿ ನಾನು ಬಾಳೆಹಣ್ಣು ಸುಲೀತಾ ವಕೀಲಮ್ಮನ್ನ ಕೇಳ್ದೆ. "ಅಲ್ಲಮ್ಮ, ಅದು ಒಪ್ಪಿಗೆ ತಾಂಬೂಲ ಅಲ್ವಾ? ಸಂಕ್ರಾಂತಿ ಅಂದ್ನಲ್ಲ ಆವಯ್ಯ?"

"ಕಾನೂನಲ್ಲಿ ಅದಕ್ಕೆ ಬೆಲೆ ಇಲ್ಲ ಬಿಡಿ ಅಕ್ಕ" ಅಂದ್ಲು. "ಆದೇಶ ಇನ್ನೂ ನಮ್ಮ ಕೈಯಲ್ಲೇ ಐತಲ್ಲ."

"ಮತ್ತೆ ನೀನ್ಯಾಕೆ ಸುಮ್ನೆ ಇದ್ದೆ?"

"ನೀವು ತಗೊಂಡ್ರಲ್ಲ ಅಕ್ಕ. ಆಕೆಗೆ ಹೇಳಿ, ಒಪ್ಪಿಸಿಯೇ ತಗೊಂಡ್ರಿ ಅಂದ್ಕೊಂಡೆ."

ಪಾವಗಡ ಬರೋ ಹೊತ್ತಿಗೆ ಎರಡು ಹಣ್ಣೂ ತಿಂದು ಮುಗಿಸಿದ್ದೆ. ಮನೇಗೆ ಹೋದ ಕೂಡ್ಲೇ ಫೋನು ಮಾಡಿ ಆಕೆಗೆ ಆ ಎರಡು ಸಾಲು ಹೇಳಬಹುದಾಗಿತ್ತು. ಮಾಡ್ಲಿಲ್ಲ. ಕಾನೂನಲ್ಲಿ ಬೆಲೆ ಇಲ್ಲ ಅಂದ್ಲಲ್ಲ ವಕೀಲಮ್ಮ, ಸುಮ್ನೆ ಪಾಪ ಆಕೆಯ ಖುಷಿ ಯಾಕೆ ಕೆಡಿಸ್ಲಿ ಅಂತ ನನಗೆ ನಾನೇ ಬೆಣ್ಣೆ ಹಚ್ಕೊಂಡೆ.

ಮಾರ್ಗಶಿರ ಮುಗಿಯೋ ಹೊತ್ತಿಗೆ ಆಕೆಯ ಫೋನು ಬಂತು. ಬೀದಿಯೋರು ದಿನಾ ಬಂದು ಯಾವಾಗ ಖಾಲಿ ಮಾಡ್ತೀಯ ಅಂತಾವ್ರೆ, ನಾನು ಏನು ಒಪ್ಪಿದೀನಿ ಅಕ್ಕ, ನನಗೆ ಯಾರೂ ಏನೂ ಹೇಳಿಲ್ವಲ್ಲ ಅಂದ್ಲು. ಆಗ ಆ ಎರಡು ಸಾಲು, ತಾಂಬೂಲದ ಅರ್ಥ, ಎರಡೂ ಹೇಳ್ದೆ. ಆಕೆ ಬಯ್ಯಲಿಲ್ಲ, ಅಳಲಿಲ್ಲ. "ಎಲೆ ತಿಂದಿದ್ದಕ್ಕಾ?" ಅಂತ ಮಾತ್ರ ಕೇಳಿದ್ಲು.

ಮಾರನೇ ದಿನವೇ ನಾನೂ ವಕೀಲಮ್ಮನೂ ಕಲ್ಯಾಣದುರ್ಗಕ್ಕೆ ಓಡಿದ್ವಿ. ಆದೇಶ ಇತ್ತು, ನಿಜ. ಅದನ್ನ ಹಿಡ್ಕೊಂಡು ನಿಲ್ಲೋಕೆ ಮನುಷ್ಯರು ಇರಲಿಲ್ಲ. ಇಡ್ಲಿ ಅಜ್ಜಿ ಒಲೆ ಊದ್ತಾ ನಮ್ಮ ಮುಖ ಕೂಡ ನೋಡಲಿಲ್ಲ.

"ಏನಜ್ಜಿ, ಕಂಡಿದ್ದು ಕಂಡಂಗೆ ಹೇಳ್ತೀನಿ ಅಂದಿದ್ದೆ?" ಅಂತ ನಾನು ಏರಿ ಹೋದೆ.

"ತಾಂಬೂಲ ಆದ್ಮೇಲೆ ಎಂಥ ಸಾಕ್ಷಿ ಕಣಮ್ಮ?" ಅಂದ್ಲು. "ಅವಳು ತಗೊಂಡ್ಲು. ಅಲ್ಲೇ ತಿಂದ್ಲು. ನಾನು ನೋಡಿದ್ನಲ್ಲ, ಕಂಡಿದ್ದೇ ಹೇಳ್ತಿದೀನಿ. ಈಗ ನಾನು ಬಾಯಿ ಬಿಟ್ರೆ ನನ್ನ ಇಡ್ಲಿ ಯಾರು ತಿಂತಾರೆ?"

"ಅವಳಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ ಕಣಜ್ಜಿ."

"ನಿಂಗೆ ಗೊತ್ತಿತ್ತಲ್ಲ ತಾಯಿ. ಮೊದ್ಲು ತಗೊಂಡೋಳೇ ನೀನು."

ಮುಖಕ್ಕೆ ಮಂಗಳಾರತಿ ಎತ್ತಿದಂಗಾಯ್ತು. ಹೆಡ್ಮಾಸ್ತರನ್ನ ಕೇಳಿದ್ವಿ. ಒಳ್ಳೇ ಮನುಷ್ಯ. ಹುಡುಗಿ ಓದೋದ್ರಲ್ಲಿ ಜಾಣೆ, ಪರೀಕ್ಷೆ ತಪ್ಪಿಸಬೇಡಿ, ಎಲ್ಲಿಂದ ಬಂದು ಬರೆದ್ರೂ ಸರಿ ಅಂದ್ರು. ಆದ್ರೆ ಬೀದಿಯ ಮಾತಿಗೆ ಬಂದ್ರೆ ಅವ್ರೂ ನೆಲ ನೋಡಿದ್ರು. ವಕೀಲಮ್ಮ ಕೋರ್ಟಿನ ಆದೇಶದ ಪ್ರತಿ ತೋರಿಸಿದ್ಲು, ದನಿ ಏರಿಸಿದ್ಲು. ಕೊನೆಗೆ ಹೊರಗೆ ಬಂದು ನಿಂತು, ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ತೆಲುಗಲ್ಲಿ ತನಗೆ ತಾನೇ ಅಂದ್ಕೊಂಡ್ಲು, ತಾಂಬೂಲ ಆಗೋಯ್ತಲ್ಲ ಅಂತ. ಅಷ್ಟು ಕಾನೂನು ಓದಿದ್ರೂ ಅವಳ ಒಳಗೂ ಅದೇ ಕೂತಿತ್ತು. ನನ್ನೊಳಗಂತೂ ಕೇಳೋದೇ ಬೇಡ.

ಮೇಸ್ತ್ರಿಗೆ ಜಗಳ ಬೇಕಿರಲಿಲ್ಲ. ಬೆಳೆದ ಮಗಳು ದಿನಾ ಎರಡು ಸಲ ಆ ಬೀದೀಲಿ ನಡೀಬೇಕು, ನಿಂತು ನೋಡೋರ ಮಧ್ಯೆ. ನಮ್ಮ ಆದೇಶ ಬಾಗಿಲಿನ ತನಕ, ಬೀದೀಲಿ ಯಾರು ಕಾಯ್ತಾರೆ ಅಂತ ನನ್ನನ್ನೇ ಕೇಳಿದ. ಸಂಕ್ರಾಂತಿಗೆ ಮೂರು ದಿನ ಮುಂಚೆ ಸಾಮಾನು ಕಟ್ಟಿದ್ರು. ಹಿಂದೂಪುರದಲ್ಲಿ ಪರಿಗಿ ರಸ್ತೆ ಕಡೆ ಒಂದು ರೂಮು ನಾನೇ ಹುಡುಕಿಕೊಟ್ಟೆ, ಹನ್ನೊಂದು ಮನೆಯೋರ ಹತ್ರ 'ಯಾವ ಜನ' ಅನ್ನಿಸ್ಕೊಂಡು. ಹೆಡ್ಮಾಸ್ತರು ಎರಡು ಸಲ ಫೋನು ಮಾಡಿದ್ರು. ಹುಡುಗಿಯನ್ನ ಪರೀಕ್ಷೆ ದಿನಗಳಲ್ಲಿ ನಾನೇ ಕರ್ಕೊಂಡು ಹೋಗಿ ಬತ್ತೀನಿ ಅಂತ ಅಂಗಲಾಚಿದೆ. ಅಪ್ಪ ಬೇಡ ಅಂದ. ಆ ಊರಿನ ಹೆಸರೆತ್ತಿದ್ರೆ ಹುಡುಗಿಯೇ ಗೋಡೆ ಕಡೆ ತಿರುಗ್ತಿದ್ಲು. ಪರೀಕ್ಷೆ ಬರೀಲಿಲ್ಲ. ಈಗ ಬಟ್ಟೆ ಫ್ಯಾಕ್ಟರೀಲಿ ಕಾಲರ್ ಹೊಲೀತಾಳೆ.

ಆ ಬೇಸಿಗೇಲೇ ನಮ್ಮ ಸಂಸ್ಥೆಯ ವರ್ಷದ ವರದಿ ಪುಸ್ತಕ ಅಚ್ಚಾಗಿ ಬಂತು. ಮುಖಪುಟದ ಮೇಲೆ ಇದೇ ಫೋಟೋ. ಒಳಗೆ ಎರಡು ಪುಟ, ಸಂವಾದದಿಂದ ಹೇಗೆ ಒಂದು ಬೀದಿಯ ಮನಸ್ಸು ತೆರೀತು ಅಂತ. ನಾನು ಪುಸ್ತಕ ತಗೊಂಡು ಹೋಗಿ ಡೈರೆಕ್ಟರ ಮೇಜಿನ ಮೇಲೆ ಕುಕ್ಕಿದೆ.

"ಸಾರ್, ಇವ್ರು ಮನೆ ಬಿಟ್ಟು ಹೋದ್ರು. ಹುಡುಗಿ ಸ್ಕೂಲು ಬಿಟ್ಲು. ಯಾವ ಮನಸ್ಸು ತೆರೀತು, ಸ್ವಲ್ಪ ನನಗೂ ತೋರ್ಸಿ."

"ಅಕ್ಕ, ನೀವು ತುಂಬ ಭಾವುಕರಾಗ್ತೀರ" ಅಂದ್ರು. "ಬದಲಾವಣೆ ನಿಧಾನ. ಆ ಕ್ಷಣ ನಿಜ ತಾನೇ? ಆಕೆ ನಗ್ತಿರೋದು ನಿಜ ತಾನೇ?"

"ಫೋಟೋ ಆದ್ರೂ ತೆಗ್ಸಿ."

"ಆಕೆಯ ಒಪ್ಪಿಗೆ ಪತ್ರ ಇದೆಯಲ್ಲ. ನೀವೇ ಓದಿ ಹೇಳಿದೀರ, ನಿಮ್ಮ ರುಜುವೂ ಇದೆ" ಅಂದ್ರು, ಕಣ್ಣು ಅರ್ಧ ಮುಚ್ಕೊಂಡು.

ಇತ್ತು. ಪ್ರತಿ ಸಾಲೂ ಓದಿ, ಅರ್ಥ ಆಯ್ತಾ ಅಂತ ಕೇಳಿ, ಸೈನ್ ಹಾಕ್ಸಿದೋಳು ನಾನೇ. ಫೋಟೋ ವಿಷ್ಯದಲ್ಲಿ ನಾವು ಆಕೆಗೆ ಒಂದು ಚೂರೂ ಮೋಸ ಮಾಡಿಲ್ಲ. ರೂಮು ಬಿಟ್ಟುಕೊಡೋ ವಿಷ್ಯದಲ್ಲಿ ಮಾತ್ರ ನನ್ನ ಒಂದು 'ತಗೋ' ಸಾಕಾಯ್ತು. ಒಪ್ಪಿಗೆ ವಾಪಸ್ ತಗೊಳ್ಳೋಕೆ ಆಕೆ ಬರೆದು ಕೊಡ್ಬೇಕು. ಅದನ್ನ ಆಕೆಗೆ ಹೇಳೋಕೆ ಹೋದ್ರೆ ಮುಖಪುಟ ತೋರಿಸ್ಬೇಕು. ನನಗೆ ಧೈರ್ಯ ಬರಲಿಲ್ಲ. ಕೆಲ್ಸ ಬಿಡ್ತೀನಿ ಅಂತ ಮೂರು ಸಲ ಚೀಟಿ ಬರೆದು ಮೂರು ಸಲ ಹರಿದೆ. ಬಯ್ಯೋದಕ್ಕೆ ನನಗೆ ಎಲ್ಲಿಂದಲೋ ಬಾಯಿ ಬತ್ತದೆ, ಬಿಡೋದಕ್ಕೆ ಮಾತ್ರ ಕೈ ಬರಲ್ಲ.

ಆಕೆ ಈಗ ಹಿಂದೂಪುರದಲ್ಲೇ ಕುಚ್ಚು ಕಟ್ತಾಳೆ. ನಮ್ಮ ನೆಂಟರ ಸೀರೆಗಳನ್ನೆಲ್ಲ ನಾನೇ ಆಕೆಗೆ ಕೊಡಿಸ್ತೀನಿ, ಇದನ್ನ ಉಪಕಾರ ಅಂತ ಹೇಳ್ಕೊಳ್ಳೋ ಮುಖ ನನಗಿಲ್ಲ. ಕನ್ನಡ ಕಲ್ತವ್ಳೆ, ನಮ್ಮ ಹಂಗೇ 'ಬತ್ತೀನಿ, ಹೋಯ್ತೀನಿ' ಅಂತಾಳೆ. ಮೊನ್ನೆ ವರಮಹಾಲಕ್ಷ್ಮಿ ಶುಕ್ರವಾರ ಮಧ್ಯಾಹ್ನ, ಕಟ್ಟಿದ ಸೀರೆ ಕೊಡೋಕೆ ಮನೇಗೆ ಬಂದಿದ್ಲು. ಮನೇಲಿ ಹಬ್ಬದ ಗಲಾಟೆ. ಸೀರೆ ನೋಡ್ದೆ, ಕುಚ್ಚು ಒಂದೊಂದೂ ಒಂದೇ ಅಳತೆ, ಕೈಯಲ್ಲಿ ಎಂಥ ಕೆಲಸ! ಹೊರಡ್ತೀನಿ ಅಕ್ಕ ಅಂದ್ಲು. ಹಬ್ಬದ ದಿನ ಬಂದ ಮುತ್ತೈದೆ, ಬರಿಗೈಲಿ ಕಳಿಸೋದುಂಟಾ ಅಂತ ನಾನು ಒಳಗೆ ಓಡಿ ತಟ್ಟೆ ತಂದೆ. ಯೋಚ್ನೆಯೇ ಮಾಡಲಿಲ್ಲ. ಎಲೆ, ಅಡಿಕೆ, ಎರಡು ಬಾಳೆಹಣ್ಣು, ರವಿಕೆ ಕಣ.

ಆಕೆ ಎರಡೂ ಕೈ ಸೆರಗಿನೊಳಗೆ ಎಳ್ಕೊಂಡ್ಲು. ಸಿಟ್ಟಲ್ಲ, ಕೊಂಕಲ್ಲ, ಮಕ್ಕಳು ಮೇಷ್ಟ್ರನ್ನ ಕೇಳಿದಂಗೆ ಕೇಳಿದ್ಲು.

"ಇದು ಯಾತಕ್ಕೆ ಅಕ್ಕ? ತಗೊಂಡ್ರೆ ನಾನು ಏನು ಬಿಟ್ಕೊಡ್ಬೇಕು?"

"ಅಯ್ಯೋ, ಏನೂ ಇಲ್ಲ ಕಣಮ್ಮ" ಅಂದೆ. "ಮರ್ಯಾದೆ ಅಷ್ಟೇ."

"ಅವತ್ತೂ ಇದೇ ಅಂದ್ರಿ" ಅಂದ್ಲು.

ಆಮೇಲೆ ಒಂದು ಲೋಟ ನೀರು ಕೇಳಿದ್ಲು. ನಮ್ಮ ಸೊಸೆ ಕೊಟ್ಲು. ನಿಂತೇ ಕುಡಿದು, ಲೋಟ ಕೆಳಗಿಟ್ಟು, ಚಪ್ಪಲಿ ಮೆಟ್ಕೊಂಡು, "ಹೋಯ್ತೀನಿ ಅಕ್ಕ" ಅಂತ ಮೆಟ್ಟಿಲಿಳಿದು ಹೋದ್ಲು. ತಟ್ಟೆ ಹಿಡ್ಕೊಂಡು ನಾನು ಬಾಗಿಲಲ್ಲೇ ನಿಂತಿದ್ದೆ.